ಬೀಡಿ ಹೊಸಿಲ ಹೊರಗೆ ಇರಲಿ

(ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಕಲಿಕಾ ಕೇಂದ್ರಗಳ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ನಾವು ಪಾಠದ ಪುಸ್ತಕ ತಂದಿಲ್ಲ. ಒಂದು ಖಾಲಿ ಬೀಡಿ ಪೊಟ್ಟಣ ತಂದಿದ್ದೇವೆ. ಒಂದು ಖಾಲಿ ಸಿಗರೇಟ್ ಪ್ಯಾಕೂ ಇದೆ. ಕೈಯಿಂದ ಕೈಗೆ ದಾಟಿಸಿ. ಎಲ್ಲರೂ ನೋಡಿ.

ನೀವು ಇದನ್ನು ಕಾಣದವರಲ್ಲ. ಅಂಗಿ ಒಗೆಯುವಾಗ ಜೇಬಿನಿಂದ ತೆಗೆದು ಇಟ್ಟವರು ನೀವೇ. ಬೆಳಿಗ್ಗೆ ಎದ್ದು ಮೋಟು ಬೀಡಿ ಗುಡಿಸಿದವರೂ ನೀವೇ. ಆದರೆ ಇದರ ಮೇಲೆ ಏನು ಬರೆದಿದೆ ಅಂತ ಇಷ್ಟು ದಿನ ಗೊತ್ತಿರಲಿಲ್ಲ. ಈಗ ನಿಮಗೆ ಅಕ್ಷರ ಬರುತ್ತದೆ. ಅಂಕಿ ಬರುತ್ತದೆ. ಪ್ಯಾಕಿನ ಮೇಲೆ ಒಂದು ಭಯ ಹುಟ್ಟಿಸುವ ಚಿತ್ರ ಇದೆ. ಸಿಗರೇಟ್ ಪ್ಯಾಕಿನ ಎರಡೂ ಮೈ ಮೇಲೆ ನೂರಕ್ಕೆ 85 ಭಾಗ ಜಾಗದಲ್ಲಿ ಇಂಥ ಎಚ್ಚರಿಕೆ ಇರಲೇಬೇಕು. 2016ರಿಂದ ಇದು ಸರ್ಕಾರದ ನಿಯಮ. ಪಕ್ಕದಲ್ಲಿ ಒಂದು ಫೋನ್ ನಂಬರ್ ಇದೆ. ಅದನ್ನು ಓದಿ, ಪಾಟಿಯ ಮೇಲೆ ಬರೆದಿಡಿ. ಆ ನಂಬರಿನ ಮಾತು ಆಮೇಲೆ ಹೇಳುತ್ತೇವೆ.

ಪ್ಯಾಕಿನ ಮೇಲಿನ ಎಚ್ಚರಿಕೆ ಸೇದುವವನಿಗೆ. ಅವನ ಪಕ್ಕದಲ್ಲಿ ಮಲಗಿದ ಕೂಸಿಗೆ ಯಾರು ಎಚ್ಚರಿಕೆ ಹೇಳಬೇಕು? ಅದೇ ಕೋಣೆಯಲ್ಲಿ ರೊಟ್ಟಿ ಬಡಿಯುವ ನಿಮಗೆ ಯಾರು ಹೇಳಬೇಕು? ಇವತ್ತಿನ ಮಾತು ಸೇದುವವರದ್ದಲ್ಲ. ಸೇದದವರದ್ದು.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಜೋಯಿಡಾದ ಕಡೆಯ ಮನೆ. ಆಷಾಢದ ಮಳೆ. ಹೊರಗೆ ಕಾಲಿಡಲು ಆಗದು. ಕಿಟಕಿ ಮುಚ್ಚಿದೆ. ಬಾಗಿಲೂ ಮುಚ್ಚಿದೆ. ಒಲೆಯ ಮುಂದೆ ಹಸಿ ಬಟ್ಟೆ ಒಣಗಲು ಹಾಕಿದೆ. ಅಜ್ಜ ಒಲೆಯ ಹತ್ತಿರ ಕೂತಿದ್ದಾರೆ. "ತಂಗೀ, ಒಂದು ಕೊಳ್ಳಿ ತಾ" ಅನ್ನುತ್ತಾರೆ. ಆರು ವರ್ಷದ ಮೊಮ್ಮಗಳು ಕೊಳ್ಳಿ ಹಿಡಿದು ಬರುತ್ತಾಳೆ. ಅಜ್ಜ ಬೀಡಿ ಹಚ್ಚುತ್ತಾರೆ. ಮೊಮ್ಮಗಳು ತೊಡೆ ಮೇಲೆ ಕೂರುತ್ತಾಳೆ. ಪಕ್ಕದ ತೊಟ್ಟಿಲಲ್ಲಿ ಮೂರು ತಿಂಗಳ ಕೂಸು. ಅಪ್ಪನೂ ಕೆಲಸಕ್ಕೆ ಹೋಗಿಲ್ಲ, ಮಳೆ ನೋಡಿ. ಅವನೂ ಒಂದು ಹಚ್ಚುತ್ತಾನೆ.

ಇದರಲ್ಲಿ ಯಾರೂ ಕೆಟ್ಟವರಲ್ಲ. ಅಜ್ಜನಿಗೆ ಮೊಮ್ಮಗಳು ಅಂದರೆ ಪ್ರಾಣ. ಆದರೆ ಆ ಮನೆಯಲ್ಲಿ ಬೀಡಿ ಸೇದುವವರು ಇಬ್ಬರು ಮಾತ್ರ ಅನ್ನುವುದು ಸರಿಯಲ್ಲ. ಎಷ್ಟು ಜನ ಉಸಿರಾಡುತ್ತಾರೋ ಅಷ್ಟೂ ಜನ ಸೇದಿದ ಹಾಗೆಯೇ.

ಹೇಗೆ ಅಂತ ಕೇಳುತ್ತೀರಿ. ಬೀಡಿಯಿಂದ ಎರಡು ಹೊಗೆ ಬರುತ್ತದೆ. ಒಂದು, ಸೇದುವವನು ಒಳಗೆ ಎಳೆದು ಹೊರಗೆ ಬಿಡುವ ಹೊಗೆ. ಇನ್ನೊಂದು, ಬೀಡಿಯ ತುದಿ ಸುಮ್ಮನೆ ಉರಿಯುವಾಗ ಏಳುವ ಹೊಗೆ. ಆ ಎರಡನೆಯದು ಯಾರ ಎದೆಯನ್ನೂ ಹೊಕ್ಕು ಬಂದದ್ದಲ್ಲ. ನೇರವಾಗಿ ಕೋಣೆಗೇ ಬರುತ್ತದೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ಬಗೆಯ ರಾಸಾಯನಿಕಗಳಿವೆ. ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

"ನಾವು ಈ ಮೂಲೆಯಲ್ಲಿ ಸೇದತೇವಿ, ಕೂಸು ಆ ಮೂಲೆಯಲ್ಲಿ ಐತಿ" ಅನ್ನುವ ಗಂಡಸರಿದ್ದಾರೆ. ನೀವೇ ಹೇಳಿ. ದೇವರ ಮುಂದೆ ಒಂದು ಊದಿನಕಡ್ಡಿ ಹಚ್ಚಿದರೆ ಅಡಿಗೆಮನೆಗೆ ವಾಸನೆ ಬರುವುದಿಲ್ಲವೇ? ಹೊಗೆಗೆ ಈ ಮೂಲೆ ಆ ಮೂಲೆ ಇಲ್ಲ. ಕಣ್ಣಿಗೆ ಕಾಣದಂತಾದ ಮೇಲೂ ಅದು ಗಂಟೆಗಟ್ಟಲೆ ಮನೆಯಲ್ಲಿ ಇರುತ್ತದೆ. ಹಾಸಿಗೆಗೆ ಹತ್ತುತ್ತದೆ. ಕೌದಿಗೆ ಹತ್ತುತ್ತದೆ. ನಮ್ಮ ತಲೆಕೂದಲಿಗೆ, ಸೆರಗಿಗೆ ಹತ್ತುತ್ತದೆ. ಕಿಟಕಿ ತೆಗೆದರೆ ವಾಸನೆ ಕಡಿಮೆ ಆಗಬಹುದು. ವಿಷ ಪೂರ್ತಿ ಹೋಗುವುದಿಲ್ಲ. ಇಷ್ಟು ಹೊಗೆ ಆದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ ಅಂತ ವೈದ್ಯರು ಹೇಳುತ್ತಾರೆ.

ಕೂಸಿಗೆ ಯಾಕೆ ಹೆಚ್ಚು ಅಪಾಯ? ಈ ಲೆಕ್ಕ ನೀವೇ ಮನೆಯಲ್ಲಿ ಮಾಡಿ ನೋಡಬಹುದು. ದೊಡ್ಡವರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎಳೆಕೂಸು ಮಲಗಿದಾಗ ಅದರ ಹೊಟ್ಟೆ ಏರಿ ಇಳಿಯುವುದನ್ನು ಎಣಿಸಿ. ಸುಮಾರು 40 ಸಲ ಆಗುತ್ತದೆ. ನಾವು ಒಂದು ಸಲ ಎಳೆದುಕೊಳ್ಳುವಷ್ಟರಲ್ಲಿ ಅದು ಎರಡು-ಮೂರು ಸಲ ಎಳೆದುಕೊಂಡಿರುತ್ತದೆ. ಅದರ ಎದೆ ಇನ್ನೂ ಬೆಳೆಯುತ್ತಿದೆ. ಎದ್ದು ಹೊರಗೆ ಹೋಗಲು ಅದಕ್ಕೆ ಕಾಲಿಲ್ಲ. "ಹೊಗೆ ಬೇಡ" ಅನ್ನಲು ಬಾಯಿಲ್ಲ.

ಹೊಗೆ ಇರುವ ಮನೆಯ ಮಕ್ಕಳಿಗೆ ಕೆಮ್ಮು, ಕಫ ಹೆಚ್ಚು. ನ್ಯುಮೋನಿಯಾ ಹೆಚ್ಚು. ದಮ್ಮು ಇರುವ ಮಗುವಿಗೆ ದಮ್ಮು ಮತ್ತೆ ಮತ್ತೆ ಏಳುತ್ತದೆ. ಕಿವಿಯ ಒಳಗೆ ಸೋಂಕಾಗಿ ಕಿವಿ ಸೋರುವುದಕ್ಕೂ ಈ ಹೊಗೆ ಒಂದು ಕಾರಣ. ಇದು ಬಹಳ ತಾಯಂದಿರಿಗೆ ಗೊತ್ತೇ ಇಲ್ಲ. ಕಿವಿಗೆ ಎಣ್ಣೆ ಬಿಡುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಬೀಡಿಯ ನೆನಪು ಯಾರಿಗೂ ಬರುವುದಿಲ್ಲ. ಮಲಗಿಸಿದ ಕೂಸು ಬೆಳಿಗ್ಗೆ ಏಳದೇ ಹೋಗುವುದೂ ಉಂಟು. ಹೊಗೆ ಇರುವ ಮನೆಯಲ್ಲಿ ಆ ಅಪಾಯವೂ ಹೆಚ್ಚು. ಬಸುರಿ ಹೆಂಗಸು ಈ ಹೊಗೆ ಕುಡಿದರೆ ಹುಟ್ಟುವ ಕೂಸಿನ ತೂಕ ಕಡಿಮೆ ಆಗುತ್ತದೆ. ಎರಡೂವರೆ ಕಿಲೋಕ್ಕಿಂತ ಕಡಿಮೆ ಇದ್ದರೆ ಆಶಾ ಅಕ್ಕ ಮುಖ ಸಣ್ಣ ಮಾಡುವುದನ್ನು ನೀವು ನೋಡಿದ್ದೀರಿ.

ಇನ್ನು ನಮ್ಮ ವಿಷಯ. ಹೆಂಗಸರ ವಿಷಯ.

ಜಪಾನ್ ಅನ್ನುವ ದೇಶದ ಹೆಸರು ಕೇಳಿದ್ದೀರಿ. ಅಲ್ಲಿ ತಾಕೇಶಿ ಹಿರಾಯಾಮಾ ಅನ್ನುವ ವೈದ್ಯರಿದ್ದರು. ಅವರು 91,540 ಗೃಹಿಣಿಯರ ಲೆಕ್ಕ ಇಟ್ಟರು. ಇವರಲ್ಲಿ ಯಾರೂ ಸೇದುವವರಲ್ಲ. ಒಂದು ದಿನ, ಎರಡು ದಿನ ಅಲ್ಲ, 14 ವರ್ಷ ಲೆಕ್ಕ ಇಟ್ಟರು. ಯಾರ ಗಂಡ ಸೇದುತ್ತಾನೆ, ಯಾರ ಗಂಡ ಸೇದುವುದಿಲ್ಲ, ದಿನಕ್ಕೆ ಎಷ್ಟು ಸೇದುತ್ತಾನೆ, ಎಲ್ಲ ಬರೆದಿಟ್ಟರು. 1981ರಲ್ಲಿ ಲೆಕ್ಕ ಹೊರಗೆ ಬಂತು. ಗಂಡ ಬಹಳ ಸಿಗರೇಟು ಸೇದುವ ಮನೆಯಲ್ಲಿ, ಒಂದು ಸಿಗರೇಟನ್ನೂ ಮುಟ್ಟದ ಹೆಂಡತಿಗೆ ಪುಪ್ಪಸದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟು ಇತ್ತು. ಸಿಗರೇಟ್ ಕಂಪನಿಗಳವರು "ಈ ಲೆಕ್ಕ ತಪ್ಪು" ಅಂತ ದೊಡ್ಡ ದನಿ ತೆಗೆದರು. ತೆಗೆಯದೆ ಇರುತ್ತಾರೆಯೇ? ಆದರೆ ಆಮೇಲೆ ದೇಶ ದೇಶಗಳಲ್ಲಿ ಲೆಕ್ಕ ಹಾಕಿದಾಗಲೂ ಮಾತು ಅದೇ ಬಂತು. ಪುಪ್ಪಸದ ಕ್ಯಾನ್ಸರ್ ಮಾತ್ರ ಅಲ್ಲ, ಹೃದಯದ ಕಾಯಿಲೆ, ಲಕ್ವ ಹೊಡೆಯುವುದು, ಇವೂ ಬೇರೆಯವರ ಹೊಗೆಯಿಂದ ಬರುತ್ತವೆ ಅಂತ ಗೊತ್ತಾಯಿತು. ತಾವು ಸೇದದೆ, ಬೇರೆಯವರ ಹೊಗೆಯಿಂದ ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು.

ಆ ಜಪಾನಿನ ಅಕ್ಕಂದಿರನ್ನು ನೆನೆಸಿದರೆ ನಮಗೆ ಸಂಕಟ ಆಗುತ್ತದೆ. ಅವರು ಮಾಡಿದ ತಪ್ಪೇನು? ಮನೆಯಲ್ಲಿ ಇದ್ದದ್ದು.

ಇಲ್ಲಿ ಗಂಡಸರು ಒಂದು ಮಾತು ಎತ್ತುತ್ತಾರೆ. "ನಿನ್ನ ಒಲಿ ಹೊಗಿ ಏನು ಅಮೃತ ಏನು?" ಅಂತ. ಮಾತು ಸುಳ್ಳಲ್ಲ. ಒಲೆಯ ಹೊಗೆಯೂ ಕೆಟ್ಟದ್ದೇ. ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕಳೆದುಕೊಂಡವರು ನಾವು. ಅದಕ್ಕಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆ ಮಾಡಿದರು. 2016ರ ನಂತರ ಬಹಳ ಮನೆಗಳಿಗೆ ಉಜ್ವಲಾ ಗ್ಯಾಸ್ ಬಂತು. ಒಲೆಗೆ ಹೊಗೆಕೊಳವೆ ಹಾಕಿಸೋಣ. ಆಗುವವರು ಗ್ಯಾಸ್ ಉರಿಸೋಣ. ಆದರೆ ಒಲೆ ಹೊತ್ತಿಸಿದರೆ ಎಲ್ಲರ ಹೊಟ್ಟೆ ತುಂಬುತ್ತದೆ. ಬೀಡಿ ಹೊತ್ತಿಸಿದರೆ ಯಾರ ಹೊಟ್ಟೆ ತುಂಬುತ್ತದೆ? ಹೀಗೆ ಕೇಳಿ. ನಗುತ್ತಾ ಕೇಳಿ.

ಇನ್ನು ಕೆಲವು ಹಿರಿಯರು "ಇದು ಮುತ್ತಜ್ಜನ ಕಾಲದಿಂದ ಬಂದದ್ದು" ಅನ್ನುತ್ತಾರೆ. ತಂಬಾಕು ನಮ್ಮ ನೆಲದ ಗಿಡವೇ ಅಲ್ಲ. ಕಡಲಾಚೆಯಿಂದ ಪೋರ್ಚುಗೀಸರು ತಂದದ್ದು. ಅವರು ಆಳಿದ ಗೋವಾ ಜೋಯಿಡಾದ ಗಡಿಗೇ ಇದೆ. ಸುಮಾರು 400 ವರ್ಷದ ಹಿಂದೆ ವಿಜಾಪುರದ ಸುಲ್ತಾನರ ಊರಿನಲ್ಲಿ ಅಸದ್ ಬೇಗ್ ಎಂಬ ದೂತ ಇದನ್ನು ಕಂಡು, ದೆಹಲಿ-ಆಗ್ರಾದ ಕಡೆ ಅಕ್ಬರ್ ಬಾದಶಹನಿಗೆ ಒಯ್ದ. ಅಕ್ಬರ್ ಎಳೆದು ನೋಡಿದ. ಹತ್ತಿರ ಇದ್ದ ವೈದ್ಯ ಆಗಲೇ "ಬೇಡ" ಅಂದಿದ್ದನಂತೆ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇದಬಾರದು ಅಂತ ಅಪ್ಪಣೆಯನ್ನೇ ಹೊರಡಿಸಿದ. ಬಾದಶಹನ ಮಾತೂ ನಡೆಯಲಿಲ್ಲ, ಅದು ಬೇರೆ ಮಾತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. "ನಾವು ಹೇಳಿದರ ಅವರು ಕೇಳತಾರೇನ್ರಿ?" ಇದು ಎಲ್ಲಾ ಸಭೆಯಲ್ಲೂ ಬರುವ ಪ್ರಶ್ನೆ. "ಚಟ ಐತಿ, ತಡಕೊಳ್ಳಾಕ ಆಗೂದಿಲ್ಲ ಅಂತಾರ" ಅಂತೀರಿ.

ತಡೆದುಕೊಳ್ಳಲು ಆಗುವುದಿಲ್ಲವೇ? ನೋಡೋಣ. ಹಳಿಯಾಳದಲ್ಲಿ ಸಂತೆ ಮುಗಿಸಿ ಧಾರವಾಡದ ಬಸ್ಸು ಹತ್ತುವ ಗಂಡಸು ಬಸ್ಸಿನಲ್ಲಿ ಬೀಡಿ ಹಚ್ಚುತ್ತಾನೆಯೇ? ಇಲ್ಲ. ಒಂದು ತಾಸು ಸುಮ್ಮನೆ ಕೂರುತ್ತಾನೆ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು, ಕಟ್ಟಿಗೆ, ಕಾಗದದ ರಾಶಿಯ ಪಕ್ಕ ನಿಂತು ಕಡ್ಡಿ ಗೀರಲು ಯಾರಿಗಾದರೂ ಧೈರ್ಯ ಇದೆಯೇ? ಉಳವಿ ಚನ್ನಬಸವಣ್ಣನ ಗುಡಿಗೆ ಚಕ್ಕಡಿ ಕಟ್ಟಿಕೊಂಡು ಹೋದವರು ಗರ್ಭಗುಡಿಯ ಮುಂದೆ ಹೊಗೆ ಬಿಡುತ್ತಾರೆಯೇ? ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಮಂದಿ ನೋಡಲು ಹೋಗುತ್ತಾರೆ. ಆ ದೊಡ್ಡ ಪ್ರಾರ್ಥನಾ ಮಂದಿರದ ಒಳಗೆ ಬುದ್ಧನ ಮುಂದೆ ಬೀಡಿ ಹಚ್ಚಿದವರನ್ನು ಕಂಡಿದ್ದೀರಾ? ಬೇಸಿಗೆಯಲ್ಲಿ ಕಾಳಿ ಹುಲಿ ಕಾಡಿನ ಒಣ ಎಲೆಯ ಮೇಲೆ ಮೋಟು ಬೀಡಿ ಎಸೆದರೆ ಫಾರೆಸ್ಟಿನವರು ಬಿಟ್ಟಾರೆಯೇ?

ಅಂದರೆ ಅವರಿಗೆ ತಡೆದುಕೊಳ್ಳಲು ಬರುತ್ತದೆ. ದೇವರಿಗಾಗಿ ತಡೆಯುತ್ತಾರೆ. ಸಾಹೇಬರಿಗಾಗಿ ತಡೆಯುತ್ತಾರೆ. ಕಂಡಕ್ಟರನಿಗಾಗಿ ತಡೆಯುತ್ತಾರೆ. ಮಗುವಿಗಾಗಿ ತಡೆಯಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ. ಹೇಳಿದರೂ, ಅದು ಹೆಂಡತಿಯ ಗೊಣಗಾಟ ಅಂತ ತಳ್ಳಿ ಹಾಕಿದ್ದಾರೆ.

ಕಾನೂನೂ ಇದೆ. 2008ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನದಿಂದ, ದೇಶದಲ್ಲಿ ಎಲ್ಲೂ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಬಸ್ ನಿಲ್ದಾಣ, ಆಸ್ಪತ್ರೆ, ಕಚೇರಿ, ಹೋಟೆಲು, ಎಲ್ಲ ಬಂತು. ಆಗ ದಂಡ 200 ರೂಪಾಯಿ ತನಕ ಇತ್ತು. 2025ರಲ್ಲಿ ನಮ್ಮ ಕರ್ನಾಟಕದಲ್ಲಿ ಅದನ್ನು 1,000 ರೂಪಾಯಿ ಮಾಡಿದರು. 21 ವರ್ಷದೊಳಗಿನವರಿಗೆ ಬೀಡಿ-ಸಿಗರೇಟು ಮಾರಬಾರದು ಅಂತಲೂ ಆಯಿತು. ಹಾಗಾಗಿ "ಓಡಿ ಹೋಗಿ ಒಂದು ಕಟ್ಟು ಬೀಡಿ ತಾ" ಅಂತ ಮಗನನ್ನು ಅಂಗಡಿಗೆ ಅಟ್ಟುವುದು ತಪ್ಪು. ಕೊಡುವ ಅಂಗಡಿಯವನದ್ದೂ ತಪ್ಪು.

ಆದರೆ ಈ ಕಾನೂನು ನಮ್ಮ ಹೊಸಿಲ ತನಕ ಬಂದು ನಿಂತುಬಿಡುತ್ತದೆ. ಮನೆಯ ಒಳಗೆ ಪೊಲೀಸರು ಬಂದು ದಂಡ ಹಾಕುವುದಿಲ್ಲ. ಹೊಸಿಲ ಒಳಗಿನ ಕಾನೂನು ನಾವೇ ಮಾಡಬೇಕು. ಒಬ್ಬಳೇ ಮಾಡಿದರೆ ನಡೆಯುವುದಿಲ್ಲ. ಇದು ನಾವು ಕಲ್ಪಿಸಿ ಹೇಳುವ ಮಾತಲ್ಲ. ಪಕ್ಕದ ಕೇರಳದಲ್ಲಿ ಕಂಡ ಮಾತು.

ಕೇರಳದಲ್ಲಿ ಒಂದು ಸಮೀಕ್ಷೆ ಆಯಿತು. ದೊಡ್ಡವರಲ್ಲಿ ನೂರಕ್ಕೆ 42 ಜನ ಮನೆಯೊಳಗೆ ಬೇರೆಯವರ ಹೊಗೆ ಕುಡಿಯುತ್ತಿದ್ದಾರೆ ಅಂತ ಗೊತ್ತಾಯಿತು. ಆಗ ತಂಬಾಕು ಬಿಡಿಸುವ ಕೆಲಸ ಮಾಡುವವರು ಕೆಲವು ಊರುಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದರು. ಸೇದುವ ಹತ್ತು ಗಂಡಸರಲ್ಲಿ ಏಳೆಂಟು ಮಂದಿ ಮನೆಯೊಳಗೇ ಸೇದುತ್ತಿದ್ದರು. ಹೆಂಗಸರನ್ನು ಕೇಳಿದರು: "ನೀವು ಒಳಗೆ ಸೇದಬೇಡ ಅಂತ ಹೇಳಿದ್ದೀರಾ?" ನೂರಕ್ಕೆ 80ಕ್ಕೂ ಹೆಚ್ಚು ಹೆಂಗಸರು "ಹೇಳಿದ್ದೇವೆ" ಅಂದರು. ಕೇಳಿಸಿಕೊಳ್ಳಿ ಅಕ್ಕಂದಿರೇ. ಹತ್ತರಲ್ಲಿ ಎಂಟು ಹೆಂಗಸರು ಆಗಲೇ ಹೇಳಿಯಾಗಿತ್ತು! ಆದರೂ ಮನೆಯಲ್ಲಿ ಹೊಗೆ ಇತ್ತು. ನಮ್ಮ ಕೈಲಿ ಏನೂ ಇಲ್ಲ ಅಂತ ಅವರಲ್ಲಿ ಹೆಚ್ಚಿನವರು ಕೈ ಚೆಲ್ಲಿದ್ದರು.

ಹಾಗಾದರೆ ಏನು ಮಾಡಿದರು? ಹೆಂಡತಿ ಗಂಡನಿಗೆ ಹೇಳುವ ಬದಲು, ಊರೇ ಊರಿಗೆ ಹೇಳುವ ಹಾಗೆ ಮಾಡಿದರು. ಸಭೆ ಕರೆದರು. ಈ ಹೊಗೆಯಿಂದ ಏನಾಗುತ್ತದೆ ಅಂತ ಬಿಡಿಸಿ ಹೇಳಿದರು. ನಿಯಮ ಏನು ಅಂತ ಎಲ್ಲರ ಮುಂದೆ ಮಾತಾಡಿದರು. ಆಮೇಲೆ "ನಮ್ಮದು ಹೊಗೆ ಇಲ್ಲದ ಮನೆಗಳ ಊರು" ಅಂತ ಊರಿನ ಮುಖಂಡರು ಕಾಗದಕ್ಕೆ ಸಹಿ ಹಾಕಿದರು. ಆರು ತಿಂಗಳು ಬಿಟ್ಟು ಮತ್ತೆ ಹೋಗಿ ಕೇಳಿದರು. ಸೇದುವ ನೂರು ಗಂಡಸರಲ್ಲಿ ಒಂದು ಊರಿನಲ್ಲಿ 34, ಇನ್ನೊಂದು ಊರಿನಲ್ಲಿ 59, ಹೀಗೆ ಅಷ್ಟು ಮಂದಿ ಮನೆಯೊಳಗೆ ಸೇದುವುದನ್ನು ನಿಲ್ಲಿಸಿದ್ದರು. 2015ರಲ್ಲಿ ಈ ವರದಿ ಅಚ್ಚಾಯಿತು.

ಎಲ್ಲರೂ ಬಿಟ್ಟರು ಅಂತ ನಾವು ಹೇಳುವುದಿಲ್ಲ. ಬಿಡದವರು ಇನ್ನೂ ಬೇಕಾದಷ್ಟು ಮಂದಿ ಇದ್ದರು. ಆದರೆ ವರ್ಷಗಟ್ಟಲೆ ಒಬ್ಬೊಬ್ಬರೇ ಹೇಳಿ ಆಗದ್ದು, ಕೂಡಿ ಹೇಳಿದಾಗ ಆರು ತಿಂಗಳಲ್ಲಿ ಅರ್ಧಂಬರ್ಧ ಆದರೂ ಆಯಿತು. ಇದು ಸಣ್ಣ ಮಾತಲ್ಲ. ನಮ್ಮ ದೇಶದ ಲೆಕ್ಕವೂ ಇಳಿಯುತ್ತಾ ಬಂದಿದೆ. 2009-10ರಲ್ಲಿ ಮನೆಯಲ್ಲಿ ಹೊಗೆ ಕುಡಿಯುವವರು ನೂರಕ್ಕೆ 52 ಇದ್ದರು. 2016-17ರಲ್ಲಿ ಸುಮಾರು 39 ಆದರು.

ಇನ್ನೊಂದು ಗಮನಿಸಿ. ಕೇರಳದವರು ಗಂಡಸರಿಗೆ "ಬೀಡಿ ಬಿಡು" ಅಂತ ಮೊದಲೇ ಪಟ್ಟು ಹಿಡಿಯಲಿಲ್ಲ. "ಮನೆಯೊಳಗೆ ಬೇಡ" ಅಂದರು. ಎರಡೂ ಬೇರೆ ಬೇರೆ. ಬಿಡು ಅಂದರೆ ಜಗಳ ಆಗುತ್ತದೆ. ಹೊರಗೆ ಸೇದು ಅಂದರೆ ಗಂಡಸು ಯೋಚನೆ ಮಾಡುತ್ತಾನೆ. ಎದ್ದು ಹೊರಗೆ ಹೋಗುವ ಬೇಸರಕ್ಕೇ ದಿನಕ್ಕೆ ಒಂದೆರಡು ಬೀಡಿ ಕಡಿಮೆ ಆದರೂ ಆಶ್ಚರ್ಯ ಇಲ್ಲ!

"ಕೇರಳ ಕೇರಳ. ನಮ್ಮಲ್ಲಿ ಮಳಿ ಹೊಡದರ ನಾಕು ತಿಂಗಳು ಹೊಡೀತದ. ಮುದುಕರನ್ನ ಮಳ್ಯಾಗ ಹೊರಗ ನಿಲ್ಲಿಸೂದೇನ್ರಿ?" ಅಂತ ಒಬ್ಬ ತಾಯಿ ಕೇಳಿದರು. ಸರಿಯಾದ ಪ್ರಶ್ನೆ. ನಮ್ಮ ಕಡೆ ಇದೇ ದೊಡ್ಡ ತೊಡಕು. ಮಳೆ ಕೇರಳದಲ್ಲೂ ಕಡಿಮೆ ಏನಿಲ್ಲ, ಇರಲಿ. ಮನೆಯ ಮುಂದೆ ಮಾಡು ಇಳಿಸಿದ ಜಗಲಿ ಇದ್ದರೆ, ನಡುವಿನ ಬಾಗಿಲು ಮುಚ್ಚಿ, ಜಗಲಿಯ ಆ ತುದಿಗೆ ಒಂದು ಮಣೆ ಹಾಕಿಕೊಡಿ. ಜಗಲಿ ಇಲ್ಲದಿದ್ದರೆ ಮನೆಯಿಂದ ನಾಲ್ಕು ಹೆಜ್ಜೆ ಆಚೆ ನಾಲ್ಕು ಕೋಲು ನೆಟ್ಟು ಮೇಲೆ ಒಂದು ತಾಡಪತ್ರಿ ಕಟ್ಟಿ. ಕಾಡಂಚಿನ ಊರಿನವರಿಗೆ ಇದೇನು ದೊಡ್ಡ ಕೆಲಸವೇ? ಕೊಟ್ಟಿಗೆಗೆ ಮಾತ್ರ ಕಳಿಸಬೇಡಿ. ಅಲ್ಲಿ ಒಣ ಹುಲ್ಲು ಇರುತ್ತದೆ. ಒಂದು ಕಿಡಿ ಸಾಕು. ಕೆಲವು ಮನೆಗಳಲ್ಲಿ ಎಮ್ಮೆ ಕಟ್ಟುವ ಜಾಗವೂ ಮಕ್ಕಳು ಮಲಗುವ ಜಾಗವೂ ಒಂದೇ ಸೂರಿನಡಿ ಇರುತ್ತದೆ. ಅಲ್ಲಿ ಕೊಟ್ಟಿಗೆಯಲ್ಲಿ ಸೇದಿದರೂ ಒಳಗೆ ಸೇದಿದ ಹಾಗೆಯೇ.

ಮಾವನಿಗೆ ಸೊಸೆ ಹೇಗೆ ಹೇಳುವುದು? ಹೇಳಬೇಡಿ. ನಿಜವಾಗಿ ಹೇಳುತ್ತೇವೆ, ಸೊಸೆ ಹೇಳುವ ಮಾತಲ್ಲ ಇದು. ಮೊಮ್ಮಗಳ ಬಾಯಿಂದ ಹೇಳಿಸಿ. ಶಾಲೆಯಲ್ಲಿ ಓದುವ ಮೊಮ್ಮಗಳು "ಅಜ್ಜಾ, ತಮ್ಮಗ ಕೆಮ್ಮು ಬರತದ, ಜಗಲಿಗೆ ಹೋಗೋಣ ಬಾ" ಅಂದರೆ ಯಾವ ಅಜ್ಜ ಏಳದೆ ಇರುತ್ತಾನೆ? ಅಜ್ಜ ಸೇದಿ ಮುಗಿಸಿ, ಬಾಯಿ ಮುಕ್ಕಳಿಸಿ, ಕೈ ತೊಳೆದು ಬಂದ ಮೇಲೆ ತೊಡೆ ಮೇಲೆ ಕೂರಲಿ. ಬೀಗರು, ನೆಂಟರು ಬಂದಾಗ ಇನ್ನೂ ಕಷ್ಟ. "ಬೀಗರಿಗೆ ಹೊರಗೆ ಹೋಗಿ ಅಂದರೆ ಅವಮಾನ ಆಗುತ್ತದೆ" ಅಂತ ಅಂಜುತ್ತೇವೆ. ಚಪ್ಪಲಿ ಹೊರಗೆ ಬಿಡಿ ಅಂದರೆ ಯಾರಿಗಾದರೂ ಅವಮಾನ ಆಗುತ್ತದೆಯೇ? ಚಪ್ಪಲಿ ಬಿಡುವ ಜಾಗದಲ್ಲೇ ಬೀಡಿಯನ್ನೂ ಬಿಡಲಿ. ಬಾಗಿಲ ಮೇಲೆ ಬೋರ್ಡು ಇದ್ದರೆ ಬಾಯಿ ಬಿಟ್ಟು ಹೇಳುವ ಗೋಜೇ ಇಲ್ಲ.

ಇನ್ನೊಂದು ಮಾತು ಕೆಲವು ಅಕ್ಕಂದಿರು ಸಭೆಯಲ್ಲಿ ಹೇಳಲಿಲ್ಲ. ಸಭೆ ಮುಗಿದ ಮೇಲೆ ಸೆರಗು ಬಾಯಿಗೆ ಹಿಡಿದು ಹೇಳಿದರು. "ಹೇಳಿದರ ಹೊಡೀತಾರ್ರೀ." ಇದಕ್ಕೆ ನಾವು "ಧೈರ್ಯ ಮಾಡಿ" ಅಂತ ಸುಲಭದ ಮಾತು ಹೇಳುವುದಿಲ್ಲ. ಅಂಥ ಮನೆಯಲ್ಲಿ ನೀವು ಒಬ್ಬರೇ ಮಾತು ತೆಗೆಯಬೇಡಿ. ಕುಡಿದು ಬಂದಾಗಂತೂ ಬೇಡವೇ ಬೇಡ. ಓಣಿಯ ನಿಯಮವಾಗಿ, ಸಂಘದ ನಿಯಮವಾಗಿ, ಹಿರಿಯ ಗಂಡಸರ ಬಾಯಿಂದ ಆ ಮಾತು ಬರಲಿ. ಆಗ ಅದು ನಿಮ್ಮ ಮಾತು ಅಲ್ಲ, ಊರಿನ ಮಾತು. ಇನ್ನು ಹೊಡೆತದ ವಿಷಯ ಬೀಡಿಗಿಂತ ದೊಡ್ಡದು. ಅದಕ್ಕೆ 181 ಅಂತ ಮಹಿಳಾ ಸಹಾಯವಾಣಿ ಇದೆ. ಮೂರೇ ಅಂಕಿ. ನೆನಪಿಡಿ.

ನಮ್ಮ ಕಡೆಗೂ ಒಂದು ಬೆರಳು ತೋರಿಸಿಕೊಳ್ಳೋಣವೇ? ನಗಬೇಡಿ. ಸಂಚಿಯಲ್ಲಿ ಕವಳದ ಜೊತೆ ಏನಿದೆ? ಎಲೆ, ಅಡಿಕೆ, ಸುಣ್ಣ. ಆಮೇಲೆ? ಒಂದು ಎಸಳು ತಂಬಾಕು. ಕೆಲವರು ಹಲ್ಲಿಗೆ ಮಿಸರಿ ತಿಕ್ಕುತ್ತಾರೆ. ಅದೂ ಸುಟ್ಟ ತಂಬಾಕೇ. ಅದರಿಂದ ಹೊಗೆ ಬರುವುದಿಲ್ಲ, ಪಕ್ಕದವರಿಗೆ ತೊಂದರೆ ಇಲ್ಲ, ನಿಜ. ಬಾಯಿಯ ಕ್ಯಾನ್ಸರ್ ಮಾತ್ರ ನಮಗೇ ಬರುತ್ತದೆ. ಮೇಲಾಗಿ ಕವಳ ಜಗಿಯುತ್ತಾ "ಬೀಡಿ ಹೊರಗೆ" ಅಂದರೆ ಗಂಡಸರು ಬಿಡುತ್ತಾರೆಯೇ? ನಾವು ಸಂಚಿಯಿಂದ ತಂಬಾಕು ತೆಗೆದು ಹಾಕಿದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಬೀಡಿ ಕಟ್ಟುವವರೂ ನಮ್ಮಂಥ ಹೆಣ್ಣುಮಕ್ಕಳೇ. ಮಂಗಳೂರು ಕಡೆ ಮನೆಮನೆಯಲ್ಲಿ ಮೊರ ಇಟ್ಟುಕೊಂಡು ಕಟ್ಟುತ್ತಾರೆ. ಆ ಧೂಳು ಅವರ ಎದೆಗೂ ಹೋಗುತ್ತದೆ. ಅವರ ಹೊಟ್ಟೆಪಾಡಿನ ಮಾತು ಇನ್ನೊಂದು ದಿನ ಆಡೋಣ.

ಪಾಟಿಯ ಮೇಲೆ ಬರೆದ ನಂಬರ್ ಈಗ ಓದಿ. 1800-11-2356. ಇದು ತಂಬಾಕು ಬಿಡಬೇಕು ಅನ್ನುವವರಿಗೆ ಸರ್ಕಾರ ಇಟ್ಟ ಫೋನು. ದುಡ್ಡು ಬೀಳುವುದಿಲ್ಲ. ಹೊರಗೆ ಹೋಗಿ ಸೇದಿ ಸೇದಿ ಬೇಸತ್ತ ಗಂಡಸು ಒಂದು ದಿನ "ಬಿಟ್ಟೇ ಬಿಡಬೇಕು ಅನ್ನಸ್ತದ" ಅಂದರೆ, ಆ ಹೊತ್ತಿಗೆ ಈ ನಂಬರ್ ನಿಮ್ಮ ಕೈಯಲ್ಲಿರಲಿ. ಬಿಟ್ಟ ಮೊದಲ ಕೆಲವು ದಿನ ಸಿಟ್ಟು ಬರುತ್ತದೆ, ನಿದ್ದೆ ಬರುವುದಿಲ್ಲ, ತಲೆ ನೋಯುತ್ತದೆ. ಅದು ಅವರ ಸ್ವಭಾವ ಅಲ್ಲ. ನಿಕೋಟಿನ್ ಮೈ ಬಿಟ್ಟು ಹೋಗುವ ತೊಂದರೆ. ಆಗ ಎದುರು ಮಾತಾಡದೆ, ಬಾಯಿಗೆ ಒಂದು ಏಲಕ್ಕಿಯೋ ಸೋಂಪೋ ಕೊಡಿ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರದಲ್ಲಿ ಔಷಧಿ, ಸಲಹೆ ಸಿಗುತ್ತದೆ. ಒಂದು ಸಲ ಬಿಟ್ಟು ಮತ್ತೆ ಶುರು ಮಾಡಿದರೆ ಬೈಯಬೇಡಿ. ಮೂರನೆಯ ಸಲ, ನಾಲ್ಕನೆಯ ಸಲ ಬಿಟ್ಟವರೂ ಇದ್ದಾರೆ.

ಈಗ ಕೆಲಸಕ್ಕೆ ಬರೋಣ. ನಾವು ಹಾಳೆಗಳನ್ನು ತಂದಿದ್ದೇವೆ. ಒಂದೊಂದು ಓಣಿಗೆ ಒಂದೊಂದು ಹಾಳೆ. ಮೇಲೆ ಏನೂ ಬರೆದಿಲ್ಲ. ಖಾಲಿ ಇದೆ. ಅಚ್ಚು ಹಾಕಿಸಿ ತರಬಹುದಿತ್ತು. ಬೇಕೆಂದೇ ತರಲಿಲ್ಲ. ನೀವೇ ಬರೆಯಬೇಕು. ಸಾಲು ಇಷ್ಟೇ:

ನಮ್ಮ ಮನೆಯೊಳಗೆ ಯಾರೂ ಬೀಡಿ ಸಿಗರೇಟು ಸೇದುವುದಿಲ್ಲ. ನೆಂಟರೂ ಸೇದುವುದಿಲ್ಲ.

ಒತ್ತಕ್ಷರ ಕಡಿಮೆ ಇದೆ. ಎಲ್ಲರಿಗೂ ಬರೆಯಲು ಬರುತ್ತದೆ. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು ಆಡುವವರು ಕೆಳಗೆ ನಿಮ್ಮ ಮಾತಿನಲ್ಲೂ ಇನ್ನೊಂದು ಸಾಲು ಬರೆಸಿ. ದಾಂಡೇಲಿಯಲ್ಲಿ ಒಂದು ಓಣಿಯಲ್ಲೇ ನಾಲ್ಕು ಭಾಷೆ ಇರುತ್ತದೆ. ಎಲ್ಲ ಭಾಷೆಯ ಬೀಡಿಯ ಹೊಗೆಯೂ ಒಂದೇ. ಈ ಸಾಲಿನ ಕೆಳಗೆ ಮನೆಯ ಹೆಂಗಸಿನ ಸಹಿ, ಪಕ್ಕದಲ್ಲಿ ಸೇದುವ ಗಂಡಸಿನ ಸಹಿ. ಅವನು ಸಹಿ ಹಾಕದಿದ್ದರೆ ಒತ್ತಾಯ ಬೇಡ, ಆ ಜಾಗ ಖಾಲಿ ಬಿಡಿ. ಓಣಿಯ ಹಾಳೆಯಲ್ಲಿ ತನ್ನ ಒಬ್ಬನ ಜಾಗ ಖಾಲಿ ಇರುವುದನ್ನು ಅವನೂ ನೋಡಲಿ. ಈ ಹಿಂದೆ ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ನಿಮ್ಮ ಹೆಬ್ಬೆಟ್ಟು ಹಿಡಿದು ಒತ್ತಿಸಿದವರು ಇದ್ದರು. ಈ ಹಾಳೆಯ ಮೇಲೆ ಹೆಬ್ಬೆಟ್ಟು ನಡೆಯುವುದಿಲ್ಲ. ಪೂರ್ತಿ ಹೆಸರು ಬರೆಯಿರಿ. ಅಕ್ಷರ ಸೊಟ್ಟ ಆದರೂ ನಡೆದೀತು.

ಗ್ರಾಮ ಪಂಚಾಯಿತಿ ಸದಸ್ಯರನ್ನೂ ಶಾಲೆಯ ಮಾಸ್ತರರನ್ನೂ ನಾವು ಕೇಳಿಕೊಂಡಿದ್ದೇವೆ. ಬರುವ ತಿಂಗಳ ಸಭೆಗೆ ಗಂಡಸರನ್ನೂ ಕರೆಯುತ್ತಾರೆ. ಆ ದಿನ ಆಶಾ ಅಕ್ಕ ಮಾತಾಡುತ್ತಾರೆ. ಅಲ್ಲಿ ಎಲ್ಲರ ಮುಂದೆ ಓಣಿಯ ಹಾಳೆ ಓದಬೇಕು. ಯಾರು ಓದುತ್ತೀರಿ? ಈಗಲೇ ಕೈ ಎತ್ತಿ. ಹಿಂದೆ ಕೂತ ಅಕ್ಕ, ನೀವು ಯಾಕೆ ತಲೆ ತಗ್ಗಿಸುತ್ತೀರಿ? ಹೋದ ವಾರ ಬಸ್ಸಿನ ಬೋರ್ಡು ಓದಿ ಮುಂಡಗೋಡಕ್ಕೆ ಒಬ್ಬರೇ ಹೋಗಿ ಬಂದೆ ಅಂತ ನೀವೇ ಹೇಳಿದ್ದಿರಿ. ಬನ್ನಿ, ಮುಂದೆ ಬನ್ನಿ. ಮೊದಲ ಹಾಳೆ ನೀವು ತೆಗೆದುಕೊಳ್ಳಿ.